ಮನೆ ತಲುಪಿದ ಮೀನುಮರಿ ಹೊಂಡದಲ್ಲಿ ಉಳಿದೀತೆ?

ಮೀನುಮರಿ ತಂದವರನ್ನು ಕೇಳಿದರೆ ಹೆಚ್ಚಾಗಿ ಒಂದೇ ಉತ್ತರ ಸಿಗುತ್ತದೆ: "ದಾರಿಯಲ್ಲಿ ಒಂದೂ ಸಾಯಲಿಲ್ಲ." ಹೌದು, ಸತ್ತಿರುವುದಿಲ್ಲ. ಕೆರೆಗೆ ಸುರಿದಾಗ ಎಲ್ಲವೂ ಚುರುಕಾಗಿ ಓಡಿ ಮರೆಯಾಗಿರುತ್ತವೆ. ಅಲ್ಲಿಂದ ಹತ್ತು ತಿಂಗಳು ತೌಡು, ಕಡಲೆ ಹಿಂಡಿ, ಸೆಗಣಿ ಹಾಕಿ ಬಲೆ ಬೀಸಿದರೆ ಐನೂರು ಬಿಟ್ಟಲ್ಲಿ ನೂರು ಸಿಕ್ಕಿದರೆ ಪುಣ್ಯ. ಆಗ ದೂರು ಮಿಂಚುಳ್ಳಿಯ ಮೇಲೆ, ನೀರುಹಾವಿನ ಮೇಲೆ, ರಾತ್ರಿ ಬಲೆ ಹಾಕಿದ ಯಾರದೋ ಮೇಲೆ, ಕೊನೆಗೆ ಮರಿ ಕೊಟ್ಟವರ ಮೇಲೆ.

ಇವರೆಲ್ಲರಿಗೂ ಅವರವರ ಪಾಲು ಇರಬಹುದು. ಆದರೆ ಲೆಕ್ಕಕ್ಕೆ ಬಾರದ ಇನ್ನೊಬ್ಬ ಕಳ್ಳ ಉಂಟು. ಅದು ಮರಿ ತಂದ ಡ್ರಮ್ಮು.

ಸಾಗಾಟದಲ್ಲಿ ಬಳಲಿದ ಮರಿ ದಾರಿಯಲ್ಲೇ ಸಾಯಬೇಕೆಂದಿಲ್ಲ. ಉಸಿರುಗಟ್ಟಿ, ಬಿಸಿಯಾಗಿ, ತನ್ನದೇ ಹೊಲಸಿನಲ್ಲಿ ಕೆಲವು ಗಂಟೆ ಕಳೆದದ್ದು ಹೊಸ ನೀರಿಗೆ ಬಿದ್ದಾಗ ಈಜುತ್ತದೆ. ಸಾಯುವುದು ಎರಡನೆಯ, ಮೂರನೆಯ, ನಾಲ್ಕನೆಯ ದಿನ. ಎರಡಿಂಚಿನ ಮರಿ ಸತ್ತರೆ ಮೊದಲು ತಳ ಸೇರುತ್ತದೆ. ಮೇಲೆ ತೇಲಿದ ಒಂದೆರಡನ್ನು ಕಾಗೆ, ಬೆಳ್ಳಕ್ಕಿ ಬೆಳಗಾಗುವುದರೊಳಗೆ ಮುಗಿಸುತ್ತವೆ. ನಾವು ಕಾಣುವುದು ಶಾಂತವಾದ ಕೆರೆಯನ್ನು ಮಾತ್ರ. ಇಲ್ಲದ ಮೀನಿಗೆ ವರ್ಷವಿಡೀ ಹಿಂಡಿ ಹಾಕುತ್ತಾ ಇರುತ್ತೇವೆ.

ಈ ತಡವಾದ ಸಾವಿನ ಬಗ್ಗೆ ತುಂಬಾ ತಲೆಕೆಡಿಸಿಕೊಂಡವರು ಅಮೆರಿಕದ ಗಾಳದವರು. ಅಲ್ಲಿ ಬಾಸ್ ಎಂಬ ಮೀನನ್ನು ಗಾಳದಲ್ಲಿ ಹಿಡಿಯುವ ಪಂದ್ಯಗಳಿವೆ. 1972ರಲ್ಲಿ ಪಂದ್ಯ ನಡೆಸುತ್ತಿದ್ದ ರೇ ಸ್ಕಾಟ್ ಎಂಬವರು ಹಿಡಿದ ಮೀನನ್ನು ತೂಕ ಮಾಡಿ ಜೀವಂತವಾಗಿ ಮತ್ತೆ ನೀರಿಗೆ ಬಿಡುವ ಪದ್ಧತಿ ತಂದರು. ಹಾಗಾಗಿ ದೋಣಿಯೊಳಗೆ ಮೀನನ್ನು ಜೀವಂತ ಇಡುವ ತೊಟ್ಟಿ ಬೇಕೇಬೇಕಾಯಿತು. 'ಲೈವ್‌ವೆಲ್' ಅಂತ ಅದಕ್ಕೆ ಹೆಸರು. ಗಾಳಕ್ಕೆ ಸಿಕ್ಕಿಸುವ ಸಣ್ಣ ಮೀನನ್ನು ಜೀವಂತ ಇಡಲಿಕ್ಕೂ ಅದೇ ಬಗೆಯ ತೊಟ್ಟಿ. ಬಿಟ್ಟ ಮೀನು ಈಜಿ ಹೋದದ್ದು ನೋಡಿ ಎಲ್ಲರಿಗೂ ಖುಷಿ. ಆದರೆ ಅಲ್ಲಿನ ಮೀನು ವಿಜ್ಞಾನಿಗಳು ಅಂಥ ಮೀನುಗಳನ್ನು ಬಲೆಯ ಪಂಜರದಲ್ಲಿ ಕೆಲವು ದಿನ ಇಟ್ಟು ನೋಡಿದಾಗ ಈಜಿ ಹೋದದ್ದೆಲ್ಲ ಬದುಕುವುದಿಲ್ಲ ಎಂದು ತಿಳಿಯಿತು. ಬೇಸಿಗೆಯಲ್ಲಿ, ನೀರು ಬಿಸಿಯಿದ್ದಾಗ, ಸಾವು ಇನ್ನೂ ಹೆಚ್ಚು. ಅಂದಿನಿಂದ ಅಲ್ಲಿನವರು ತೊಟ್ಟಿಯನ್ನು ತಿದ್ದುತ್ತಲೇ ಇದ್ದಾರೆ.

ನಮ್ಮದು ದೋಣಿಯಲ್ಲ, ಪಿಕಪ್ಪು. ಮೀನು ಬೇರೆ, ಉದ್ದೇಶ ಬೇರೆ. ಆದರೆ ತೊಟ್ಟಿಯೊಳಗಿನ ಸಂಗತಿ ಒಂದೇ.

ನೀರಿನಲ್ಲಿ ಉಸಿರು ಎಷ್ಟು?

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ತೂಕದ ಲೆಕ್ಕದಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ. ಒಂದು ಲೀಟರ್ ನೀರಿನಲ್ಲಿ? 30 ಡಿಗ್ರಿ ಬಿಸಿಯಿರುವ ಒಳ್ಳೆಯ ನೀರಿನಲ್ಲೂ ಏಳೂವರೆ ಮಿಲಿಗ್ರಾಂ ಅಷ್ಟೇ. 20 ಡಿಗ್ರಿಯ ತಣ್ಣೀರಿನಲ್ಲಿ ಒಂಬತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ. ಅದೇ ಹೊತ್ತಿಗೆ ಮೀನಿನ ಖರ್ಚು ಜಾಸ್ತಿ. ನೀರಿನ ಬಿಸಿ ಹತ್ತು ಡಿಗ್ರಿ ಏರಿದರೆ ಮೀನಿನ ಉಸಿರಾಟ ಸುಮಾರು ಇಮ್ಮಡಿಯಾಗುತ್ತದೆ. ಬಿಸಿಲಿನಲ್ಲಿ ನಿಂತ ಡ್ರಮ್ಮು ಎರಡೂ ಕಡೆಯಿಂದ ಹೊಡೆಯುತ್ತದೆ.

ಒಂದು ಲೆಕ್ಕ ಹಾಕಿ ನೋಡುವ. ಇನ್ನೂರು ಲೀಟರಿನ ಡ್ರಮ್ಮಿಗೆ ನೂರೈವತ್ತು ಲೀಟರ್ ನೀರು ಹಾಕಿ ಎರಡಿಂಚಿನ ಸಾವಿರ ಮರಿ ಬಿಟ್ಟಿದ್ದೀರಿ ಅನ್ನಿ. ಮರಿಯೊಂದಕ್ಕೆ ಎರಡು ಗ್ರಾಂ ಹಿಡಿದರೆ ಒಟ್ಟು ಎರಡು ಕಿಲೊ ಮೀನು. ಅಂಥ ಮರಿಗಳ ಒಂದು ಕಿಲೊಗೆ ಗಂಟೆಗೆ ಹೆಚ್ಚುಕಮ್ಮಿ 500 ಮಿಲಿಗ್ರಾಂ ಆಮ್ಲಜನಕ ಬೇಕು. ಬಲೆಯಿಂದ ತೆಗೆದು ಗಾಬರಿಯಲ್ಲಿರುವಾಗ ಇದಕ್ಕಿಂತ ಜಾಸ್ತಿ. ಡ್ರಮ್ಮಿನ ನೀರಿನಲ್ಲಿರುವ ಆಮ್ಲಜನಕ ಏಳೂವರೆಯಿಂದ ಎರಡೂವರೆಗೆ ಇಳಿಯುವ ತನಕ ಮರಿಗೆ ಸಿಗುವುದು ಲೀಟರಿಗೆ ಐದರಂತೆ 750 ಮಿಲಿಗ್ರಾಂ. ಖರ್ಚು ಗಂಟೆಗೆ ಸಾವಿರ. ಅಂದರೆ ಮುಕ್ಕಾಲು ಗಂಟೆಯ ಬಂಡವಾಳ. ಮರಿಕೇಂದ್ರದ ಗೇಟಿನಲ್ಲಿ ಬಿಲ್ಲು ಮಾಡಿಸಿ ಚಾ ಕುಡಿದು ಹೊರಡುವಾಗಲೇ ಅರ್ಧ ಗಂಟೆ ಆಗಿರುತ್ತದೆ.

ಹಾಗಾದರೆ ಎರಡು ಗಂಟೆ ದಾರಿ ಬಂದ ಮರಿ ಬದುಕಿದ್ದು ಹೇಗೆ? ನಮ್ಮ ರಸ್ತೆಯ ಹೊಂಡಗಳಿಂದ! ಡ್ರಮ್ಮು ಕುಲುಕಿದಾಗ ನೀರಿನ ಮೈ ಒಡೆದು ಗಾಳಿ ಸೇರುತ್ತದೆ. ಬಂಗಾಳದಲ್ಲಿ ನದಿಯಿಂದ ಹಿಡಿದ ಮರಿಗಳನ್ನು ಮಣ್ಣಿನ ಹಂಡೆಗಳಲ್ಲಿ ತುಂಬಿ ರೈಲಿನಲ್ಲಿ ಸಾಗಿಸುವ ಕಾಲವೊಂದಿತ್ತು. ಹಂಡೆಯ ಜತೆ ಹೋಗುವವರ ಕೆಲಸವೇ ದಾರಿಯುದ್ದಕ್ಕೂ ನೀರು ಕುಲುಕುವುದು, ಹೊಲಸು ನೀರು ತೆಗೆದು ಬೇರೆ ತುಂಬುವುದು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮರಿ ಮಾಡಿಸಿದ ಮೇಲೆ ಕೇಂದ್ರಗಳಲ್ಲೇ ಮರಿ ಸಿಗುವಂತಾಯಿತು. ನಮ್ಮಲ್ಲಿ ಭದ್ರಾ ಯೋಜನೆಯ ಬಿ.ಆರ್. ಪ್ರಾಜೆಕ್ಟ್, ತುಂಗಭದ್ರಾ ಅಣೆಕಟ್ಟು, ಹೆಸರಘಟ್ಟ ಇಂಥ ಕಡೆ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮರಿಗಳನ್ನು ಬೆಳೆಸಿ ಕೊಡುತ್ತಾರೆ. ಅಲ್ಲಿಂದ ಘಾಟಿ ಇಳಿದು ನಮ್ಮ ತೋಟ ತಲುಪುವ ತನಕದ ಜವಾಬ್ದಾರಿ ಮಾತ್ರ ನಮ್ಮದೇ.

ಚೀಲದ ಗುಟ್ಟು

ಸಣ್ಣ ಹೊಂಡದವರಿಗೆ ಡ್ರಮ್ಮಿಗಿಂತ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹೆಕ್ಟೇರಿಗೆ ಐದು ಸಾವಿರ ಮರಿ ಎಂಬ ರೂಢಿಯ ಲೆಕ್ಕ ಹಿಡಿದರೆ ಇಪ್ಪತ್ತು ಮೀಟರ್ ಚೌಕದ ಕೃಷಿಹೊಂಡಕ್ಕೆ ಬೇಕಾದದ್ದು ಇನ್ನೂರು ಮರಿ. ಹತ್ತು ಗುಂಟೆಯ ಕೆರೆಗೆ ಐನೂರು. ಇಷ್ಟಕ್ಕೆ ಎರಡರಿಂದ ನಾಲ್ಕು ಚೀಲ ಸಾಕು.

ಚೀಲದಲ್ಲಿ ಮೂರರಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ. ಕೆಲವರು "ಇಷ್ಟೇ ನೀರಾ? ಇನ್ನೂ ಸ್ವಲ್ಪ ಹಾಕಿ" ಅಂತ ಜಗಳ ಮಾಡುವುದುಂಟು. ಮಾಡಬೇಡಿ. ಆರು ಲೀಟರ್ ನೀರಿನೊಳಗಿರುವ ಆಮ್ಲಜನಕ ಐವತ್ತು ಮಿಲಿಗ್ರಾಂ ಮುಟ್ಟುವುದಿಲ್ಲ. ಅದರ ಮೇಲಿರುವ ಹನ್ನೆರಡು ಲೀಟರ್ ಶುದ್ಧ ಆಮ್ಲಜನಕದ ತೂಕ ಹದಿನೈದು ಗ್ರಾಂ, ಅಂದರೆ ಹದಿನೈದು ಸಾವಿರ ಮಿಲಿಗ್ರಾಂ. ಮೀನಿನ ಬುತ್ತಿ ಇರುವುದು ಮೇಲೆ, ನೀರಿನಲ್ಲಲ್ಲ. ಚೀಲವನ್ನು ಕುತ್ತ ನಿಲ್ಲಿಸುವುದಕ್ಕಿಂತ ಅಡ್ಡ ಮಲಗಿಸಿದರೆ ನೀರಿನ ಮೈ ಅಗಲವಾಗಿ ಆಮ್ಲಜನಕ ಬೇಗ ಇಳಿಯುತ್ತದೆ. ಕೆಳಗೆ ಬೈಹುಲ್ಲೋ ಒದ್ದೆ ಗೋಣಿಯೋ ಹಾಸಿ. ಪಿಕಪ್ಪಿನ ತಗಡಿನಲ್ಲಿ ಒಂದು ಮೊಳೆ ಎದ್ದಿದ್ದರೂ ಸಾಕು, ಎಲ್ಲ ಮುಗಿಯಿತು.

ಇಷ್ಟು ಆಮ್ಲಜನಕ ಇದ್ದ ಮೇಲೆ ಚೀಲದಲ್ಲಿ ಮರಿ ಸಾಯುವುದು ಏಕೆ? ಉಸಿರು ಮುಗಿದು ಅಲ್ಲ, ಹೊಲಸು ತುಂಬಿ. ಮೀನು ಬಿಡುವ ಇಂಗಾಲದ ಡೈಆಕ್ಸೈಡ್ ಮತ್ತು ಅಮೋನಿಯಾ ಎರಡೂ ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಕೂರುತ್ತವೆ. ಎರಡಿಂಚಿನ ಮರಿಯಾದರೆ ಆರು ಲೀಟರಿಗೆ ನೂರೈವತ್ತಕ್ಕಿಂತ ಹೆಚ್ಚು ತುಂಬದಿದ್ದರೆ ಅರ್ಧ ದಿನದ ದಾರಿಗೆ ತೊಂದರೆಯಿಲ್ಲ. ದಾರಿ ಉದ್ದವಾದರೆ ಇನ್ನೂ ಕಮ್ಮಿ. ಒಂದು ಚೀಲದ ಖರ್ಚು ಉಳಿಸಲು ಮರಿ ಒತ್ತಿ ತುಂಬಿಸುವುದು ಲಾಭವಲ್ಲ.

ಹೊಟ್ಟೆ ಖಾಲಿ ಇರಲಿ

ಬಬ್ಲರು, ಪಂಪು, ಸಿಲಿಂಡರು ಎಲ್ಲಕ್ಕಿಂತ ಮೊದಲಿನ ಸುಧಾರಣೆಗೆ ಕಾಸು ಖರ್ಚಿಲ್ಲ. ಮರಿಯನ್ನು ಉಪವಾಸ ಹಾಕುವುದು. ಹೊರಡುವ ಹಿಂದಿನ ದಿನವೇ ಕೊಳದಿಂದ ಹಿಡಿದು ಬಟ್ಟೆಯ ಬಲೆತೊಟ್ಟಿಯಲ್ಲಿ, ಹರಿಯುವ ನೀರಿನಲ್ಲಿ, ಆಹಾರ ಕೊಡದೆ ಇಟ್ಟರೆ ಹೊಟ್ಟೆ ಖಾಲಿಯಾಗುತ್ತದೆ. ಹೊಟ್ಟೆ ತುಂಬಿದ ಮರಿಗೆ ಆಮ್ಲಜನಕದ ಖರ್ಚೂ ಹೆಚ್ಚು, ಹಿಕ್ಕೆಯೂ ಹೆಚ್ಚು. ಜತೆಗೆ, ಇಕ್ಕಟ್ಟಿನಲ್ಲಿರುವ ಅಭ್ಯಾಸವೂ ಆಗಿರುತ್ತದೆ. ದುರ್ಬಲ ಮರಿಗಳು ಅಲ್ಲೇ ಸತ್ತು ನಮಗೆ ಗಟ್ಟಿಯವು ಸಿಗುತ್ತವೆ.

ಆದ್ದರಿಂದ ಫೋನು ಮಾಡಿ ದಿನ ಗೊತ್ತು ಮಾಡಿಕೊಂಡೇ ಹೋಗಬೇಕು. ದಾರಿಯಲ್ಲಿ ಹೋಗುವಾಗ ಹೊಕ್ಕು "ಇದ್ದರೆ ಕೊಡಿ" ಎಂದರೆ ಆಗಷ್ಟೇ ಬಲೆ ಎಳೆದು, ತಿಂದು ಕೊಬ್ಬಿದ ಮರಿಯನ್ನು ಎಣಿಸಿ ಕೊಡುತ್ತಾರೆ. ಅವರನ್ನು ದೂರಿ ಫಲವಿಲ್ಲ. "ಎಷ್ಟು ಹೊತ್ತಿನಿಂದ ಉಪವಾಸ ಇಟ್ಟಿದ್ದೀರಿ?" ಎಂದು ಕೇಳುವವರು ಇದ್ದರೆ ತಾನೇ ಅವರೂ ಇಡುವುದು. ಚೀಲದ ನೀರು ಹೊರಡುವ ಮೊದಲೇ ಕದಡಿದ್ದರೆ, ಹಿಕ್ಕೆಯ ಎಳೆಗಳು ತೇಲುತ್ತಿದ್ದರೆ ಅಂಥ ಮರಿ ಬೇಡ ಎನ್ನಲು ಅಂಜಬೇಡಿ.

ಡ್ರಮ್ಮನ್ನು ಸುಧಾರಿಸುವುದು

ನಾಲ್ಕೈದು ಮಂದಿ ಸೇರಿ ಮೂರು ನಾಲ್ಕು ಸಾವಿರ ಮರಿ ತರುವುದಾದರೆ, ಅಥವಾ ಮರಿ ಬೆರಳುದ್ದಕ್ಕಿಂತ ದೊಡ್ಡದಿದ್ದರೆ, ತೊಟ್ಟಿಯೇ ಅನುಕೂಲ. ಇಲ್ಲಿ ಗಾಳದವರ ದೋಣಿಯಿಂದ ಕಲಿಯುವುದು ಸಾಕಷ್ಟಿದೆ.

ಮೊದಲು ಆಕಾರ. ಅವರ ತೊಟ್ಟಿಗಳು ಗುಂಡಗೆ ಅಥವಾ ಮೊಟ್ಟೆಯಾಕಾರ. ಬೂತಾಯಿ ಜಾತಿಯ ಸಣ್ಣ ಮೀನು ಗುಂಪಾಗಿ ಸುತ್ತು ಹಾಕುವಂಥದ್ದು, ಮೂಲೆ ಸಿಕ್ಕಿದರೆ ಅಲ್ಲಿ ಒತ್ತರಿಸಿ ಮೂತಿ ಕೆಂಪಾಗುವ ತನಕ ಗುದ್ದಿಕೊಳ್ಳುತ್ತದೆ. ನಮ್ಮ ಗೆಂಡೆ ಮರಿ ಅಷ್ಟು ನಾಜೂಕಲ್ಲ. ಆದರೂ ಚೌಕ ಕ್ರೇಟಿಗಿಂತ ಗುಂಡು ಡ್ರಮ್ಮು ಮೇಲು. ಒಳಗೆ ಒರಟು ಅಂಚು ಇರಬಾರದು. ಉದುರಿದ ಹುರುಪೆ, ಉಜ್ಜಿಹೋದ ಲೋಳೆ ಇವೇ ನಾಳಿನ ಬೂಷ್ಟುರೋಗಕ್ಕೆ ಬಾಗಿಲು.

ಆಮೇಲೆ ಗಾಳಿ. ಪಿಕಪ್ಪಿನ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಓಡುವ ಗಾಳಿಪಂಪು, ಅದರ ನಳಿಗೆಯ ತುದಿಗೆ ಅಲಂಕಾರ ಮೀನಿನ ಅಂಗಡಿಯಲ್ಲಿ ಸಿಗುವ ಗಾಳಿಕಲ್ಲು. ಗುಳ್ಳೆ ಸಣ್ಣದಾದಷ್ಟೂ ಒಳ್ಳೆಯದು. ಕೋಳಿಮೊಟ್ಟೆ ಗಾತ್ರದ ಗುಳ್ಳೆ ಬುಳುಬುಳು ಎದ್ದರೆ ನೋಡಲು ಚಂದ, ಕೆಲಸ ಕಮ್ಮಿ. ಒಂದೇ ದೊಡ್ಡ ಕಲ್ಲಿನ ಬದಲು ಎರಡು ಸಣ್ಣ ಕಲ್ಲುಗಳನ್ನು ತಳಕ್ಕೆ ಇಳಿಬಿಡಿ, ಒಂದು ಕೈಕೊಟ್ಟರೆ ಇನ್ನೊಂದು ಉಂಟು. ಗಾಳಿಕಲ್ಲಿನಿಂದ ಇನ್ನೊಂದು ಉಪಕಾರ: ಗುಳ್ಳೆ ಆಮ್ಲಜನಕ ಕೊಡುವುದು ಮಾತ್ರವಲ್ಲ, ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತದೆ. ಕಟ್ಟಿದ ಚೀಲದಲ್ಲಿ ಈ ಅನುಕೂಲ ಇಲ್ಲ. ಆದ್ದರಿಂದ ಡ್ರಮ್ಮಿನ ಬಾಯನ್ನು ಬಿಗಿಯಾಗಿ ಮುಚ್ಚಬೇಡಿ, ಬಲೆ ಕಟ್ಟಿ ಒದ್ದೆ ಗೋಣಿ ಹೊದಿಸಿ.

ವೆಲ್ಡಿಂಗಿನವರ ಆಮ್ಲಜನಕ ಸಿಲಿಂಡರಿಗೆ ಗಾಳಿಕಲ್ಲು ಜೋಡಿಸಿ ತರುವವರೂ ಇದ್ದಾರೆ. ಕೆಲಸ ಚೆನ್ನಾಗಿಯೇ ಆಗುತ್ತದೆ. ಸಿಲಿಂಡರನ್ನು ಅಲುಗದಂತೆ ಕಟ್ಟಬೇಕು. ಅದರ ವಾಲ್ವು, ಮೀಟರುಗಳಿಗೆ ಎಣ್ಣೆ, ಗ್ರೀಸು ಸೋಕಲೇಬಾರದು. ಒತ್ತಡದ ಆಮ್ಲಜನಕಕ್ಕೆ ಎಣ್ಣೆ ಸೇರಿದರೆ ಬೆಂಕಿಯೇಳುವ ಅಪಾಯ. ಬೀಡಿ ಸೇದುವವರನ್ನು ಹಿಂದೆ ಕೂರಿಸಬೇಡಿ.

ದೋಣಿಯವರಿಗೆ ಇರುವ ದೊಡ್ಡ ಅನುಕೂಲ, ಸುತ್ತ ನೀರೇ ನೀರು. ಪಂಪು ಸಮುದ್ರದ ಹೊಸ ನೀರನ್ನು ಒಂದೇಸಮ ತೊಟ್ಟಿಗೆ ಬಿಡುತ್ತದೆ, ಹೆಚ್ಚಾದದ್ದು ಮೇಲಿನ ತೂತಿನಿಂದ ಹೊರಹೋಗುತ್ತದೆ, ಅಮೋನಿಯಾ ಕೂರುವ ಪ್ರಶ್ನೆಯೇ ಇಲ್ಲ. ನಮ್ಮ ಹತ್ತಿರದ ಲಕ್ಷದ್ವೀಪದಲ್ಲಿ, ಮಿನಿಕಾಯ್ ದ್ವೀಪದವರು ಇದನ್ನು ಪಂಪಿಲ್ಲದೆಯೇ ಸಾಧಿಸಿದ್ದರು. ಅವರು ಟ್ಯೂನಾ ಹಿಡಿಯುವುದು ಬಲೆಯಿಂದಲ್ಲ, ಗಳಕ್ಕೆ ಕಟ್ಟಿದ ಗಾಳದಿಂದ. ಟ್ಯೂನಾ ಹಿಂಡನ್ನು ದೋಣಿಯ ಹತ್ತಿರ ಸೆಳೆಯಲು ಜೀವಂತ ಸಣ್ಣ ಮೀನನ್ನು ಎರಚಬೇಕು. ಆ ಮೀನಿಡುವ ಕೋಣೆಯ ತಳದಲ್ಲಿ, ದೋಣಿಯ ಮರದಲ್ಲೇ, ಬೆಣೆ ಹಾಕಿದ ತೂತುಗಳು. ಬೆಣೆ ತೆಗೆದರೆ ಸಮುದ್ರದ ನೀರು ತಾನಾಗಿ ಒಳಬರುತ್ತದೆ, ಹೆಚ್ಚಾದದ್ದನ್ನು ಮೊಗೆದು ಹೊರಹಾಕುತ್ತಾ ಇದ್ದರಾಯಿತು. ಎರೆಮೀನು ಸತ್ತರೆ ಆ ದಿನದ ಬೇಟೆಯೇ ಇಲ್ಲ. ಹಾಗಾಗಿ ಅದರ ಆರೈಕೆಯಲ್ಲಿ ಉದಾಸೀನ ನಡೆಯುವುದಿಲ್ಲ.

ನಮಗೆ ದಾರಿಯಲ್ಲಿ ಹೊಸ ನೀರು ಸಿಗದು. ಸಿಕ್ಕಿದರೂ ಹೋಟೆಲಿನ ನಲ್ಲಿನೀರು ಸುರಿಯುವ ಧೈರ್ಯ ಮಾಡಬೇಡಿ. ಅದರಲ್ಲಿ ಕ್ಲೋರಿನ್ ಇದ್ದರೆ ಇದ್ದ ಮರಿಯೂ ಹೋಯಿತು. ಹೊರಡುವಾಗಲೇ ಮರಿ ಇದ್ದ ಕೊಳದ ನೀರನ್ನೇ ಸೋಸಿ ತುಂಬಿಕೊಳ್ಳುವುದು ವಾಸಿ. ಕೊಳವೆಬಾವಿಯ ನೀರಾದರೆ ಮೊದಲು ಒಂದೆರಡು ಗಂಟೆ ಗಾಳಿ ಹಾಯಿಸಿ. ಭೂಮಿಯಡಿಯಿಂದ ಬಂದ ನೀರಿನಲ್ಲಿ ಆಮ್ಲಜನಕ ತೀರಾ ಕಮ್ಮಿ ಇರುವುದುಂಟು. ಲೀಟರಿಗೆ ಎರಡು ಮೂರು ಗ್ರಾಂ ಕಲ್ಲುಪ್ಪು ಕರಗಿಸಿದರೆ ಸಿಹಿನೀರಿನ ಮರಿಗೆ ಬಳಲಿಕೆ ಕಡಿಮೆ. ನೂರೈವತ್ತು ಲೀಟರಿಗೆ ಮುನ್ನೂರರಿಂದ ನಾನೂರೈವತ್ತು ಗ್ರಾಂ ಆಯಿತು. ತಂಪು ಬೇಕೆಂದು ಮಂಜುಗಡ್ಡೆ ನೇರ ಹಾಕಬೇಡಿ, ಚೀಲದಲ್ಲಿ ಕಟ್ಟಿ ಇಳಿಬಿಡಿ. ಮೂರು ನಾಲ್ಕು ಡಿಗ್ರಿ ಇಳಿದರೆ ಸಾಕು, ಅದಕ್ಕಿಂತ ಹೆಚ್ಚಿನ ತಣ್ಪು ಇನ್ನೊಂದು ಪೆಟ್ಟು. ಎಲ್ಲಕ್ಕಿಂತ ಸುಲಭ, ಬೆಳಗಿನ ಜಾವ ಹೊರಟು ಬಿಸಿಲೇರುವ ಮುಂಚೆ ಮನೆ ಸೇರುವುದು.

ಮದ್ದಿನ ಡ್ರಮ್ಮು ಬೇಡವೇ ಬೇಡ

ಅಡಿಕೆ ತೋಟದವರಿಗೆ ಇದನ್ನು ಒತ್ತಿ ಹೇಳಬೇಕು. ನಮ್ಮ ಮನೆಗಳಲ್ಲಿ ಖಾಲಿ ಡ್ರಮ್ಮು ಅಂತ ಇದ್ದರೆ ಅದು ಬೋರ್ಡೋ ಕಲಸಿದ ಡ್ರಮ್ಮೇ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಆ ಮೈಲುತುತ್ತಿನ ತಾಮ್ರ ಮೀನಿಗೆ ವಿಷ. ಅದೂ ಕರಾವಳಿ, ಮಲೆನಾಡಿನ ನಮ್ಮ ಮೆದು ನೀರಿನಲ್ಲಿ, ಸುಣ್ಣದ ಅಂಶ ಕಡಿಮೆ ಇರುವುದರಿಂದ, ಇನ್ನಷ್ಟು ಜೋರು. ಡ್ರಮ್ಮಿನ ಒಳಮೈಯಲ್ಲಿ ಅಂಟಿದ ನೀಲಿ ಪದರ ಹತ್ತು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ. ಕೀಟನಾಶಕದ ಕ್ಯಾನುಗಳ ಬಗ್ಗೆ ಹೇಳುವುದೇ ಬೇಡ. ಹೊಸ ಡ್ರಮ್ಮೊಂದನ್ನು ಮೀನಿಗೆಂದೇ ತೆಗೆದಿಟ್ಟು ಅದರ ಮೇಲೆ ಬಣ್ಣದಲ್ಲಿ ಬರೆದುಬಿಡಿ. ಹಿತ್ತಾಳೆಯ ನಲ್ಲಿ, ಸತು ಲೇಪಿಸಿದ ತಗಡಿನ ಟಾಂಕಿ ಕೂಡ ಮರಿ ಸಾಗಿಸಲು ಆಗದು.

ಇನ್ನೊಂದು ತಾಪತ್ರಯ, ಮರಿ ಸಿಗುವ ಕಾಲವೂ ಮದ್ದು ಬಿಡುವ ಕಾಲವೂ ಒಂದೇ, ಮಳೆಗಾಲ. ಕೆರೆಯಂಚಿನ ಮರಗಳಿಗೆ ಮದ್ದು ಬಿಟ್ಟ ಮರುದಿನ ಜಡಿಮಳೆ ಬಂದರೆ ತೊಟ್ಟಿಕ್ಕಿದ್ದೆಲ್ಲ ಕೆರೆಗೆ. ದೊಡ್ಡ ಕೆರೆಯಲ್ಲಿ ಕರಗಿ ಹೋದೀತು, ಸಣ್ಣ ಹೊಂಡದಲ್ಲಿ ಹೋಗದು. ಮೊದಲ ಸುತ್ತಿನ ಮದ್ದು ಮುಗಿಸಿ, ಒಂದೆರಡು ಒಳ್ಳೆಯ ಮಳೆ ಬಿದ್ದು ನೀರು ಬದಲಾದ ಮೇಲೆ ಮರಿ ತನ್ನಿ. ಮುಂದಿನ ಸುತ್ತಿನಲ್ಲಿ ಅಂಚಿನ ಮರಗಳ ಮಟ್ಟಿಗಾದರೂ ಕೈ ಬಿಗಿ ಇರಲಿ.

ಬಿಡುವ ಗಳಿಗೆ

ಮನೆ ತಲುಪಿದೊಡನೆ ಚೀಲ ಬಿಚ್ಚುವ ಆತುರ ಎಲ್ಲರಿಗೂ. ತಡೆಯಿರಿ. ಕಟ್ಟಿದ ಚೀಲವನ್ನು ಹಾಗೆಯೇ ಕೆರೆಯ ನೆರಳಿನ ಬದಿಯಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ ತೇಲಬಿಡಿ, ಒಳಗಿನ ಹೊರಗಿನ ಬಿಸಿ ಒಂದಾಗಲಿ. ಬಿಚ್ಚಿದ ಮೇಲೆ ಮಾತ್ರ ತಡ ಮಾಡಬಾರದು. ಕಾರಣ ಇದು: ಕಟ್ಟಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ನೀರು ಸ್ವಲ್ಪ ಹುಳಿಯಾಗಿರುತ್ತದೆ. ಹುಳಿ ನೀರಿನಲ್ಲಿ ಅಮೋನಿಯಾದ ವಿಷ ಅಡಗಿರುತ್ತದೆ. ಬಿಚ್ಚಿದೊಡನೆ ಆ ಅನಿಲ ಹಾರಿಹೋಗುತ್ತದೆ, ಹುಳಿ ಇಳಿಯುತ್ತದೆ, ಅದೇ ಅಮೋನಿಯಾ ಹೆಡೆಯೆತ್ತುತ್ತದೆ. ಬಾಯಿ ಬಿಚ್ಚಿಟ್ಟು ನೆರೆಯವರಿಗೆ ತೋರಿಸುತ್ತಾ ನಿಂತರೆ ದಾರಿಯಲ್ಲಿ ಸಾಯದ ಮರಿ ಅಲ್ಲಿ ಸಾಯುತ್ತದೆ. ಬಿಚ್ಚಿ, ಒಂದೆರಡು ತಂಬಿಗೆ ಕೆರೆನೀರು ಸೇರಿಸಿ, ಐದು ನಿಮಿಷದೊಳಗೆ ಚೀಲವನ್ನು ಓರೆ ಮಾಡಿ ಅವಾಗಿಯೇ ಹೊರಬರುವಂತೆ ಬಿಡಿ. ಚೀಲದ ಹೊಲಸು ನೀರು ಕೆರೆಗೆ ಬೇಡ. ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ನೀರಿನ ಕ್ಷಾರ ಏರಿರುತ್ತದೆ, ಆದ್ದರಿಂದ ಬೆಳಿಗ್ಗೆಯೇ ಬಿಡುವುದು ಒಳ್ಳೆಯದು.

ಡ್ರಮ್ಮಿನಲ್ಲಿ ತಂದದ್ದಾದರೆ ಗಾಳಿಪಂಪು ನಿಲ್ಲಿಸದೆ, ಅರ್ಧ ಗಂಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೆರೆನೀರು ಸೇರಿಸುತ್ತಾ ಬನ್ನಿ. ಮರಿಯನ್ನು ಮೊಗೆಯಲು ಗಂಟಿಲ್ಲದ ಮೆದು ಬಲೆ ಅಥವಾ ಸೊಳ್ಳೆಪರದೆಯ ಬಟ್ಟೆ ಇರಲಿ. ಬರಿಗೈಯಲ್ಲಿ ಹಿಡಿಯುವುದು ಬೇಡ.

ಇನ್ನು, ಮೊದಲು ಹೇಳಿದ ಆ ಕಾಣದ ಸಾವನ್ನು ಕಾಣುವಂತೆ ಮಾಡಲು ಒಂದು ಸುಲಭ ಉಪಾಯವಿದೆ. ಸೊಳ್ಳೆಪರದೆಯ ಬಟ್ಟೆಯಲ್ಲಿ ಮೂರಡಿ ಚೌಕದ, ಮೇಲೆ ಬಾಯಿ ಇರುವ ಚೀಲ ಹೊಲಿಸಿ ನಾಲ್ಕು ಗೂಟಕ್ಕೆ ಕಟ್ಟಿ ಕೆರೆಯಲ್ಲಿ ಇಳಿಬಿಡಿ. ತಂದ ಮರಿಗಳಲ್ಲಿ ಆರಿಸದೆ ಸಿಕ್ಕಿದ ಇಪ್ಪತ್ತೈದನ್ನು ಅದರಲ್ಲಿ ಹಾಕಿ, ಹಕ್ಕಿ ಮುಟ್ಟದಂತೆ ಮೇಲೆ ಮುಚ್ಚಿ. ದಿನಾ ಬೆಳಿಗ್ಗೆ ಎತ್ತಿ ಸತ್ತದ್ದನ್ನು ಎಣಿಸಿ ತೆಗೆಯಿರಿ. ನಾಲ್ಕನೆಯ ದಿನ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಉಳಿದಿದ್ದರೆ ಸಾಗಾಟ ಸರಿಯಿದೆ, ಅವನ್ನೂ ಕೆರೆಗೆ ಬಿಡಿ. ಹದಿನೈದೇ ಉಳಿದಿದ್ದರೆ ಕೆರೆಯಲ್ಲೂ ಐನೂರರಲ್ಲಿ ಮುನ್ನೂರರ ಲೆಕ್ಕಕ್ಕೇ ಹಿಂಡಿ ಹಾಕಿ. ಮರಿಕೇಂದ್ರದಲ್ಲಿ ಇನ್ನೂ ಮರಿ ಇರುವಾಗಲೇ ಮತ್ತೊಂದು ಚೀಲಕ್ಕೆ ಹೇಳಿಟ್ಟರೆ ಆ ವರ್ಷದ ಬೆಳೆ ಉಳಿಯುತ್ತದೆ.

ಮನೆಗೆ ಬಂದ ದಿನವೇ ಡ್ರಮ್ಮು, ನಳಿಗೆ, ಗಾಳಿಕಲ್ಲುಗಳನ್ನು ಬರಿ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿಡಿ. ಸಾಬೂನು ಮುಟ್ಟಿಸಬೇಡಿ.